ಕ್ಲಬ್ಬಿನ ಬಟಾಟಿ

ಸಾರಿಗೇನು, ಖೈಮಾಕ್ಕೇನು? ಕೇಳಿದ ಮೌಲಾಲಿ.
ಎರಡಕ್ಕೂ ಅಲ್ಲೋ, ಅಂದೆ. ತೊಡಿ ಮಾಂಸ, ಎಲುವಿಲ್ಲದ್ದು,
ಅಂಗೈಯಷ್ಟು ಅಗಲ, ಬೆರಳಷ್ಟು ದಪ್ಪ,
ಇಡಿಯಾಗಿ ಕೊಯ್ದು ಕೊಡು.
ಕತ್ತಿ ಹಿಡಕೊಂಡಽ ನಿಂತ.
ಇಡೀ ಕೇಶ್ವಾಪುರದಾಗ ಹಿಂಗ ಕೇಳಿದಾವ
ನೀನಽ ಮೊದಲನೇದಾವ ನೋಡು.

ಮೊದಲನೇದಾವ ನಾನಲ್ಲ.
ಅಪ್ಪ ಇದ್ದ, ರೈಲ್ವೆ ಸಾಹೇಬರ ಕ್ಲಬ್ಬಿನಾಗ
ಇಪ್ಪತ್ತಾರು ವರ್ಷ ಬಟ್ಲರ್.
ಬಿಳೇ ಕೋಟಿನ ಹಿತ್ತಾಳಿ ಗುಂಡಿ
ಅವ್ವ ಹುಣಸಿಹಣ್ಣಿಲೆ ತಿಕ್ಕತಿದ್ಲು.
ರಾತ್ರಿ ಹನ್ನೊಂದಕ್ಕ ಸೈಕಲ್ ಗೋಡಿಗೆ ಆನಿಸಿ
ನಿದ್ದಿ ಬಂದಂಗ ನಟಿಸೋ ನಮ್ಮಿಬ್ಬರ ನಡುವ ಕುಂತು
ಬಡಸತಿದ್ದ, ಬರೇ ಮಾತು:

ಮುಷ್ಟಿಗಿಂತ ದೊಡ್ಡ ಬಟಾಟಿ. ಸಿಪ್ಪಿ ಸುಲಿಯೂದಲ್ಲ.
ಉಪ್ಪು ಸವರಿ ಬೆಂಕಿಗೂಡಿಗೆ.
ಒಂದೂವರಿ ತಾಸಿಗೆ ತಗದರ ಮ್ಯಾಲೆ ತೊಗಲು ಗರಿಗರಿ,
ಒಳಗ ಹಿಂಜಿದ ಅರಳಿ.
ಹೊಟ್ಟಿ ಸೀಳಿ, ಅರ್ಧ ಬಗದು...
ಆಮ್ಯಾಲೆ? ಅಂತಿದ್ಲು ತಂಗಿ ಜೀವರತ್ನ.
ಆಮ್ಯಾಲೆ ಹುರದ ಮಾಂಸ. ಅದರ ಮ್ಯಾಲೆ ಬಿಳೇ ಸಾಸು.
ಹಾಲಿನ ಕೆನಿ, ಬೆಳ್ಳೊಳ್ಳಿ, ಕರಿ ಮೆಣಸು.
ಚಮಚ ಬಗ್ಗಿಸಿದರ ಅವಸರ ಮಾಡದಽ ಇಳೀಬೇಕು.

ನೀ ತಿಂದೀಯೇನು, ಅಪ್ಪ?
ಅವ ದೀಪ ಆರಿಸತಿದ್ದ.

ನನ್ನ ಮನ್ಯಾಗ ಬೆಂಕಿಗೂಡಿಲ್ಲ.
ಜನತಾ ಬಜಾರಿನಾಗ ಆರಿಸಿ ಆರಿಸಿ ಬೈಸಿಕೊಂಡು ತಂದ ಎಂಟು ಬಟಾಟಿ
ತಗಡಿನ ತಾಟಿನ್ಯಾಗಿಟ್ಟು
ಗಫಾರಸಾಬನ ಬೇಕರಿಗೆ ಹೊತಕೊಂಡು ಹ್ವಾದೆ.
ಬನ್ನಿನ ಎರಡನೇ ಘಾಣ ಇಳದಿತ್ತು.
ಉಳದ ಕಾವು ಹ್ಯಾಂಗೂ ಪುಕ್ಕಟೆ, ಇಡು, ಅಂದ.
ದುಡ್ಡು ಬ್ಯಾಡಂತ. ಒಂದು ಬಟಾಟಿ ತಗೊಂಡು
ನಿಂತಲ್ಲೇ ಹಸಿ ಮೆಣಸಿನಕಾಯಿ ಕಡಕೊಂಡು ತಿಂದ.
ಉಳದ ಏಳು, ಬನ್ನಿನ ವಾಸನಿ ಹೊತ್ತು ಮನಿಗೆ ಬಂದವು.

ಒಳಗಿಂದು ಬಗದೆ. ಗ್ವಾಡಿ ಎಲ್ಲಾ ಕಡೆ ಒಂದಽ ದಪ್ಪ,
ಮೂವತ್ತು ವರ್ಷ ವರ್ಕಶಾಪಿನ ಲೇಥಿನ ಮುಂದ ನಿಂತ ಕೈ,
ಬಟಾಟಿಗೂ ಅದಽ ಲೆಕ್ಕ.
ರೊಟ್ಟಿ ಹಂಚು ಹೊಗಿ ಏಳೂತನಕ ಕಾಸಿ
ಮಾಂಸ ಇಟ್ಟೆ. ಚೊಂಯ್ ಅಂತು.
ಓಣಿಯ ನಾಯಿ ಎದ್ದು ನಿಂತವು.

ತುಪ್ಪಕ್ಕಂತ ನಾಕು ದಿನ ಕೂಡಿಟ್ಟ ಕೆನಿ
ಶಾಂತಕುಮಾರಿ ಸಾಲ ಕೊಟ್ಟಂಗ ಕೊಟ್ಟಳು.
ಮೊದಲನೇ ಸಾಸು ಒಡೀತು.
ಅವಳೇ ಬಂದು, ಒಂದು ಮಾತೂ ಆಡದಽ,
ಉರಿ ಸಣ್ಣ ಮಾಡಿದಳು. ಚಮಚ ಮೈದಾ, ತಣ್ಣನ ಹಾಲು.
ಎರಡನೇದ್ದು ಅವಸರ ಮಾಡದಽ ಇಳೀತು.

ಬೆಟಗೇರಿಯಿಂದ ಪ್ಯಾಸೆಂಜರಿಗೆ ಬಂದಿದ್ಲು ಜೀವರತ್ನ,
ಚಪ್ಪಲಿ ಬಿಡೂದರೊಳಗ ಮೂಗು ಅರಳಿಸಿ.
ಪ್ರಾರ್ಥನಿ ಮುಗೀತು. ಒಂದು ತುತ್ತು.

ಹಿಂಗಲ್ಲ.

ಏನು ಹಿಂಗಲ್ಲ?
ಸಾಸು ಇನ್ನಾ ತಿಳುವಿತ್ತು.
ದಪ್ಪ ಇತ್ತು.
ಬೆಳ್ಳೊಳ್ಳಿ ಇಷ್ಟು ಇದ್ದಿಲ್ಲ.
ಇತ್ತು! ಅಪ್ಪ ಬೆಳ್ಳೊಳ್ಳಿ ಅಂದಿದ್ದ!
ಇತ್ತು, ಇದ್ದಿಲ್ಲ, ಇತ್ತು,
ಐವತ್ತು ದಾಟಿದ ಇಬ್ಬರು
ಹಾಸಿಗ್ಯಾಗ ಒದ್ದಾಡೋ ಹುಡುಗರಂಗ.

ಶಾಂತಕುಮಾರಿ ರೊಟ್ಟಿ ಮುರೀತಾ ಕೇಳಿದಳು:
ನಿಮ್ಮಿಬ್ಬರೊಳಗ ಅದನ್ನ ತಿಂದಾವರು ಯಾರು?

ಫ್ಯಾನಿನ ಸಪ್ಪಳ.
ಗದಗ ರೋಡಿನಾಗ ಒಂದು ಲಾರಿ.

ನಾ ತಿಂದೇನಿ, ಅಂದಳು ಜೀವರತ್ನ.
ತಾಟು ನೋಡಿಕೋತ ಅಂದಳು.
ಅಪ್ಪನ ಕೋಟಿನ ತೋಳಿಗೆ ಒಮ್ಮೆ
ಸಾಸು ಹನಿಸಿತ್ತು. ಒಣಗಿ ಹಕ್ಕಳಿಕಿ ಆಗಿತ್ತು.
ಅವ್ವ ನೆನಸೂದಕ್ಕಿಂತ ಮೊದಲು, ಹಿತ್ತಲದಾಗ,
ನಾ ನೆಕ್ಕಿದ್ದೆ.
ನಿನಗ ಹೇಳಲಿಲ್ಲ. ಪಾಲು ಕೇಳತಿದ್ದಿ.

ಹ್ಯಾಂಗಿತ್ತು?

ಉಪ್ಪಿತ್ತು. ಇದಕ್ಕಿಂತ ಒಂಚೂರು ಹೆಚ್ಚು.

ಉಪ್ಪಿನ ಡಬ್ಬಿ ಆಕಿ ಕಡೆ ಸರಿಸಿದೆ.