ತಾಟೆಯ ಚರ್ಮ

ಕಣ್ಣು ಮೊದಲೇ ಮಂಜು. ಬೆರಳಿಗೆ ಸಿಕ್ಕಿತು:
ಹಣೆಯ ಮೇಲೆ, ಬೈತಲೆ ಶುರುವಾಗುವಲ್ಲಿ,
ತಾಟೆಮೀನನ್ನು ಬಾಲದಿಂದ ತಲೆಯ ಕಡೆಗೆ ಸವರಿದ ಹಾಗೆ
ಗರಗರ.
ಉಪ್ಪಿರಬೇಕು ಎಂದು ತೊಳೆದೆ. ಹೋಗಲಿಲ್ಲ.
ಉಗುರಿನಿಂದ ಕೆರೆದೆ. ಹೋಯಿತು,
ಹದಿನೈದು ದಿನಕ್ಕೆ ಮತ್ತೆ ಬಂತು.

ನಾನು ಹುಟ್ಟುವಾಗಲೇ ಬೆಳ್ಳಗೆ.
ರೆಪ್ಪೆ ಬೆಳ್ಳಗೆ, ಕೂದಲು ಒಣಹುಲ್ಲು.
ಶಾಲೆಯಲ್ಲಿ ಬೊಳ್ಳಿ ಎಂದರು.
ವಾರಿಜ ತಿಂಗಳಾಯ ಎಂದು ಹಾಜರಿ ಕರೆಯುವಾಗ
ಮೇಷ್ಟ್ರೂ ನಕ್ಕರು.
ತಿಂಗಳ ಬೆಳಕಿಗೆ ಮೀನು ಒಣಗುವುದಿಲ್ಲ, ಮಾರಾಯ್ರೆ.
ಮಲ್ಪೆಯ ಹೊಯಿಗೆಯಲ್ಲಿ ಮೂವತ್ತೊಂದು ವರ್ಷ
ನಂಗು ಹರಡಿದೆ, ಬಂಗುಡೆ ಮಗುಚಿದೆ,
ಹನ್ನೆರಡಕ್ಕೆ, ಒಂದಕ್ಕೆ, ಎರಡಕ್ಕೆ.
ಮೀನಿಗೆ ಬೇಕಾದ ಹೊತ್ತೇ
ನನಗೆ ಬೇಡವಾದ ಹೊತ್ತು.

ಉಡುಪಿಯಲ್ಲಿ ಡಾಕ್ಟ್ರು ಐರಿನ್ ಲೋಬೊ
ಭೂತಕನ್ನಡಿ ಹಿಡಿದು ಎಣಿಸಿದರು: ಹಣೆಗೆ ಮೂರು,
ಮೂಗಿಗೆ ಒಂದು, ಎಡಕಿವಿಯ ತುದಿಗೆ ಎರಡು,
ಮುಂಗೈಗಳಿಗೆ ಐದು.
"ಕ್ಯಾನ್ಸರ್ ಅಲ್ಲ," ಎಂದರು. ನಾನು ಉಸಿರು ಬಿಡುವ ಮೊದಲೇ
"ಇನ್ನೂ ಅಲ್ಲ," ಎಂದರು.

ಹನ್ನೊಂದು. ಡಜನಿಗೆ ಒಂದು ಕಡಿಮೆ.
ಬಾಯಿ ಸುಮ್ಮನಿರಲಿಲ್ಲ: ಒಟ್ಟಿಗೆ ಆದರೆ ಎಷ್ಟಕ್ಕೆ ಮಾಡಿ ಕೊಡ್ತೀರಿ?
ಅವರು ನಗಲಿಲ್ಲ. ಮತ್ತೆ ನಕ್ಕರು.

ಒಂದು ಉಕ್ಕಿನ ಚೊಂಬು. ಮುಚ್ಚಳದ ಸಂದಿಯಿಂದ ಹೊಗೆ.
ಐಸು ನನಗೆ ಗೊತ್ತುಂಟು. ಬಂದರಿನ ಐಸು
ಸತ್ತದ್ದನ್ನು ಕೆಡದಂತೆ ಇಡುವಂಥದ್ದು.
ಇದು ಬೇರೆ ಜಾತಿಯ ಚಳಿ.
ಸುಯ್ ಎಂದು ತಾಗಿ, ಹತ್ತು ಎಣಿಸುವಷ್ಟರಲ್ಲಿ
ನನಗಿಂತ ಬಿಳಿ ಇನ್ನೊಂದುಂಟು ಎಂದು ತೋರಿಸಿತು.
ಕರಗಲು ಬಿಟ್ಟು, ಇನ್ನೊಮ್ಮೆ.
ಕಿವಿಗೆ ಮಾತ್ರ ತೊರಕೆಯ ಮುಳ್ಳು ಹೊಕ್ಕ ಉರಿ.

ಮಾರನೆ ದಿನ ಗುಳ್ಳೆ, ಆಮೇಲೆ ಹಕ್ಕಳೆ.
ಹಣೆಗೆ ಮುಲಾಮು ಬೇರೆ, ಬೆಳಿಗ್ಗೆ ರಾತ್ರಿ, ಮೂರು ವಾರ.
"ಕೆಂಪಾಗ್ತದೆ, ಸುಲೀತದೆ, ಹೆದರಿ ನಿಲ್ಲಿಸಬೇಡಿ.
ಕಾಣದೆ ಕೂತದ್ದನ್ನೂ ಅದು ಹುಡುಕ್ತದೆ."
ಹುಡುಕಿತು. ಎಂಟನೆಯ ದಿನ ಕನ್ನಡಿಯಲ್ಲಿ
ಅಷ್ಟೂ ಮಧ್ಯಾಹ್ನಗಳು ಒಟ್ಟಿಗೆ ಎದ್ದು ನಿಂತವು,
ಏಳು ವರ್ಷದವಳು ಏಡಿಯ ಹಿಂದೆ ಓಡಿದ್ದೂ ಸೇರಿ.
ಬಿಸಿಲೂ ಕಡದ ಪುಸ್ತಕ ಇಡುತ್ತದೆಂದು
ಯಾರೂ ಹೇಳಿರಲಿಲ್ಲ.

ಈಗ ಚಪ್ಪರದ ಅಡಿ ಕೂತು ಹೊಟ್ಟೆ ಸೀಳಿ ಉಪ್ಪು ತುಂಬುತ್ತೇನೆ.
ಮಗುಚಲಿಕ್ಕೆ ಸುಗಂಧಿ ಹೋಗುತ್ತಾಳೆ,
ಕೂಲಿಯಲ್ಲಿ ನಲವತ್ತು ರೂಪಾಯಿ ಅವಳಿಗೆ.
ಉದ್ದ ತೋಳಿನ ಅಂಗಿ, ಗಂಡಸರ ಮುಟ್ಟಾಳೆ.
ನೋಡುವವರು ನೋಡಲಿ.
ಆರು ತಿಂಗಳಿಗೊಮ್ಮೆ ಡಾಕ್ಟ್ರು.
ನಡುವೆ, ದೀಪ ಆರಿಸಿದ ಮೇಲೆ,
ಮೀನು ಒಣಗಿತೇ ಎಂದು ಬೆನ್ನು ಒತ್ತಿ ನೋಡುತ್ತಿದ್ದ ಹೆಬ್ಬೆರಳು
ಹಣೆಯ ಮೇಲೆ ಮೆಲ್ಲ ನಡೆಯುತ್ತದೆ:
ನಯ, ನಯ, ನಯ,
ಇಲ್ಲಿ, ಎಂತದು ಇದು,
ಉಪ್ಪಿರಬೇಕು.
ತೊಳೆದು ಬಂದು
ಮತ್ತೆ ಮುಟ್ಟುತ್ತೇನೆ.