ಎಲ್ಲಾ ಸೊನ್ನಿಗೆ ತರ್ರಿ

ಕಾರು ನನ್ನದಾಗಿ ಎರಡು ತಿಂಗಳು,
ಮೊದಲು ಸೊಲ್ಲಾಪುರದ ಡಾಕ್ಟರೊಬ್ಬರದು.
ಟೇಪು ಕಂಪನಿಯದೇ, ಕಂಪನಿ ಕೊಟ್ಟಂಗೇ.
ಬಾಸು ಏರಿಸಿದರೆ ಬಾಗಿಲು ಗುಂಯ್‌ಗುಡುತ್ತಿತ್ತು,
ಇಳಿಸಿದರೆ ಹಾಡೋರೆಲ್ಲ
ಎಣ್ಣೆ ಡಬ್ಬಿಯೊಳಗೆ ಮುಖ ಇಟ್ಟ ಹಾಗೆ.

"ಹೊಸಾ ಸ್ಪೀಕರ್ ಹಾಕಸ್ರಿ ಬಾಯಾರ,
ಡಿಕ್ಕಿಯೊಳಗ ಒಂದು ಪೆಟ್ಟಿಗಿ. ಹದಿನೆಂಟು ಸಾವಿರ,"
ಅಂದಿದ್ದ ಅಕ್ಕಲಕೋಟದ ಅಂಗಡಿಯವ.
ನನ್ನ ಪಗಾರ ಅವನಿಗೆ ಗೊತ್ತಿರಲಿಲ್ಲ.

ಮೈಂದರ್ಗಿಯ ಲಾಡ್ಲೇಸಾಬನ್ನ ಕರೆಸಿದೆ.
ನಲವತ್ತು ವರ್ಷ ಮದುವೆಗೆ, ಉರುಸಿಗೆ, ಇಲೆಕ್ಷನ್ನಿಗೆ
ಕರ್ಣಾ ಕಟ್ಟಿದ ಮನುಷ್ಯ.
ಎಡಗಿವಿ ಕರ್ಣಾಕ್ಕೇ ಕೊಟ್ಟಾನ,
ಬಲಗಿವಿ ಉಳದದ.

ಬಂದವನು ಏನೂ ಹಚ್ಚಲಿಲ್ಲ.
ಕಾಜು ಏರಿಸಿ, ಇಂಜಿನ್ ಬಂದ್ ಮಾಡಂದ.
"ಬಾಸ್ ಎಷ್ಟದ?" "ಆರು."
"ಟ್ರೆಬಲ್?" "ಐದು."
"ಲೌಡ್‌ನೆಸ್?" "ಚಾಲೂ ಅದ."
"ಎಲ್ಲಾ ಸೊನ್ನಿಗೆ ತರ್ರಿ.
ಖಾರ ಸುರುವಿದ ಪಲ್ಯದಾಗ
ಉಪ್ಪದನೋ ಇಲ್ಲೋ ಹೆಂಗ ತಿಳೀಬೇಕು?"

ತಂದೆ. ಭಣಭಣ ಅನಿಸಿತು,
ಮದುವೆಯ ಮರುದಿನದ ಹಂದರದಂತೆ.
"ಎರಡು ದಿನ ತಡೀರಿ,
ಕಿವಿಗೂ ಚಟ ಇರತದ."

ಬಾಗಿಲಿನ ಹೊದಿಕೆ ಬಿಚ್ಚಿದ.
ಮೂರು ಸ್ಕ್ರೂ ಸಡಿಲ, ನಾಲ್ಕನೆಯದು ಇಲ್ಲವೇ ಇಲ್ಲ.
ಹಳೇ ಚಾದರ ಕೇಳಿದ, ಸೊಲ್ಲಾಪುರದ್ದೇ ಆಗಬೇಕಂತ.
ಕೊಟ್ಟೆ. ನೇಯ್ದ ಕೆಂಪು ನವಿಲು
ಒಗೆದೂ ಒಗೆದೂ ಗುಬ್ಬಿಯಾಗಿದ್ದ ಚಾದರ.
ಗೇಣು ಗೇಣು ಕತ್ತರಿಸಿ,
ಮಳೆನೀರು ಇಳಿಯುವ ಕಡೆ ಬಿಟ್ಟು,
ಎಲ್ಲೆಲ್ಲಿ ಪ್ಲಾಸ್ಟಿಕ್ಕು ತಗಡನ್ನು ಮುಟ್ಟುತ್ತದೋ ಅಲ್ಲಲ್ಲಿ ತುರುಕಿದ.
ಗುಂಯ್ ನಿಂತಿತು.

"ಬ್ಲೂಟೂತ್ ಬ್ಯಾಡ, ವಾಯರ್ ಹಚ್ಚರಿ.
ಫೋನು ಪೂರಾ ಏರಸ್ರಿ, ಇಲ್ಲಿ ಇಳಸ್ರಿ.
ಇಪ್ಪತ್ತೆರಡರ ಮ್ಯಾಲ ಹೋಗಬ್ಯಾಡ್ರಿ,
ಅಲ್ಲಿಂದ ಬರೇ ಚೀರಾಟ."

ಆಮೇಲೆ ಎಡಬಲದ ದನಿ ಕೂಡುವ ಜಾಗ ಹುಡುಕಿದ.
ತಲೆ ಅತ್ತ ಇಟ್ಟ, ಇತ್ತ ಇಟ್ಟ,
ಕೊನೆಗೆ ಸಿಕ್ಕಿತು: ಎರಡು ಸೀಟಿನ ನಡುವೆ,
ಹ್ಯಾಂಡ್‌ಬ್ರೇಕಿನ ಮೇಲೆ.
"ಇಲ್ಲಿ ಯಾರು ಕೂಡತಾರ?
ಕಂಪನಿಯವರು ಯಾರಿಗಂತ ಮಾಡ್ಯಾರೋ!"
ನಾನು ನಕ್ಕೆ. ನಮ್ಮ ಬಸ್ಸಿನ ಬೋರ್ಡು ಮರಾಠಿ,
ಕಂಡಕ್ಟರನ ಬೈಗುಳ ಕನ್ನಡ,
ನಾವು ಕೂತು ಕೇಳುವುದು ಅದೇ ಹ್ಯಾಂಡ್‌ಬ್ರೇಕಿನ ಮೇಲೆ.

ಎಡಕ್ಕೆ ಎರಡು ಗೆರೆ, ಮುಂದಕ್ಕೆ ಮೂರು.
"ಹಿಂದ ಕೂತವರಿಗೆ ಕಡಿಮಿ ಆಗತದಲ್ಲ?"
"ಹಿಂದ ಯಾರು ಕೇಳತಾರ್ರಿ."

ಹಾಡು ಹಾಕಲಿಕ್ಕೆ ಹೋದೆ.
"ಹಾಡು ಬ್ಯಾಡ. ಚಂದ ಮಾಡಿ ಸುಳ್ಳು ಹೇಳತದ.
ಮಾತು ಹಾಕ್ರಿ. ಮನಷ್ಯಾರ ದನಿ ಸರಿ ಬಂತಂದ್ರ
ಮುಂದಿಂದು ತಾನೇ ಬರತದ."

ಫೋನಿನಲ್ಲಿದ್ದ ಮಾತು ಒಂದೇ:
ನಾಲ್ಕನೇ ಇಯತ್ತೆಯ ಇಪ್ಪತ್ತಾರು ಮಕ್ಕಳು
ಒಟ್ಟಿಗೆ ಪಾಠ ಓದಿದ್ದು,
ಕೇಂದ್ರ ಪ್ರಮುಖರಿಗೆ ಕಳಿಸಲು ಹಿಡಿದದ್ದು.
ಹತ್ತು ಸಲ ಕೇಳಿದ್ದೆ. ಮುದ್ದೆ ಗದ್ದಲ.

ಈಗ ಮುದ್ದೆ ಬಿಡಿಸಿಕೊಂಡಿತು.
ಫ್ಯಾನಿನ ಟಕ್ ಟಕ್. ಸಿದ್ರಾಮನ ಒಡೆದ ಗಂಟಲು.
ಹಾಳೆ ಮಗುಚಿದ್ದು ಕೂಡ.
ಎಲ್ಲರಿಗಿಂತ ಅರ್ಧ ಶಬ್ದ ತಡವಾಗಿ
ಒಂದು ಸಣ್ಣ ದನಿ,
ಪ್ರತಿ ವಾಕ್ಯದ ಕೊನೆ ಒಂಟಿಯಾಗಿ ಮುಗಿಸುತ್ತ.

ಕಸ್ತೂರಿ ವಾಲೀಕಾರ.
ಜೂನಿನಲ್ಲಿ ಅವಳ ಹೆಸರಿನ ಮುಂದೆ
ಕೆಂಪು ಶಾಯಿಯಲ್ಲಿ ಬರೆದಿದ್ದೆ:
ಬಾಯಿ ತೆರೆಯುವುದಿಲ್ಲ.

ಲಾಡ್ಲೇಸಾಬ ಬಲಗಿವಿ ತಿರುಗಿಸಿದ.
"ಹಿಂದ ಒಬ್ಬಾಕಿ ಅದಾಳ," ಅಂದ.
"ತಡಾ ಆಗಿ ಬರತಾಳ ಖರೆ,
ಅಕ್ಷರ ಒಂದೂ ನುಂಗಂಗಿಲ್ಲ."

ಇನ್ನೂರು ರೂಪಾಯಿ ತಗೊಂಡ,
ಉಳಿದ ಚಾದರದ ತುಂಡೂ.

ಊರ ಕಡೆ ಹೊರಟೆ, ಆವಾಜು ಹದಿನಾಲ್ಕಕ್ಕೆ.
ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗ ನಿಂತು,
ಗೆರೆಗಳನ್ನು ಮತ್ತೆ ತೆಗೆದು
ಮುಂದಿನದನ್ನು ಒಂದು ಹಿಂದಕ್ಕೆ ಸರಿಸಿದೆ.
ದನಿ ಸ್ವಲ್ಪ ಕೆಟ್ಟಿತು.
ಇರಲಿ.