ಅರವತ್ತೇಳಕ್ಕ ನಿಂತದ್ದು

ಅರವತ್ತೇಳಕ್ಕ ಬಂದು ನಿಂತೈತಿ ಮತ್ತ.
ಇದು ಮೂರನೇ ಸಲ. ಹಸಿರು ಪಟ್ಟಿ
ಮುಳಗುಂದ ನಾಕಾದಾಗ ಕೆಟ್ಟ ಲಾರಿಯಂಗ,
ಹಿಂದ ಸರಿಯವಲ್ಲದು, ಮುಂದ ಹೋಗವಲ್ಲದು.

ಬೆಟಗೇರಿಯ ನೇಕಾರರ ಸಂಘದ ನೆನಪಿನ ಪುಸ್ತಕ,
ತೊಂಬತ್ತಾರು ಪುಟ, ನಾಕು ಜಿಬಿಗೆ ಎರಡು ಬಟ್ಟು ಕಡಿಮಿ.
ಸೋಮವಾರ ಸಮಾರಂಭ. ಇವತ್ತು ಗುರುವಾರ, ರಾತ್ರಿ ಎಂಟೂವರಿ.
ಕೊಟ್ರಗೌಡ್ರು ತಾಸಿಗೊಮ್ಮೆ ಬಾಗಲಾಗ ನಿಂತು
"ಆತೇನ?" ಅಂತಾರ.
ಕೇಳಿದ್ರ ಪಟ್ಟಿ ಸರಿಯೂದಿಲ್ಲ.

ಹುಬ್ಬಳ್ಳಿ ಡಿಸೈನರಿಗೆ ಫೋನ್ ಹಚ್ಚಿದೆ.
"ನಮ್ಮಲ್ಲಿ ಛಲೋ ಓಪನ್ ಆಗತೈತ್ರಿ,
ನಿಮ್ಮ ಮಷಿನ್ನ ಮುದುಕ ಆಗೇದ."

ಮಾಡೂದೆಲ್ಲಾ ಮಾಡಿದೆ.
ಬಂದ್ ಮಾಡಿ ಚಾಲೂ ಮಾಡಿದೆ. ಪೆನ್‌ಡ್ರೈವ್ ಬಿಟ್ಟು ಡಿಸ್ಕಿಗೆ ಇಳಿಸಿದೆ.
ಅಕ್ಷರ ಎಲ್ಲಾ ಗೆರಿ ಮಾಡಿದೆ.
ಜಾಗಾ ಸಾಲದೇನೋ ಅಂತ
ಎರಡು ವರ್ಷದ ಜವಳದ ಕಾರ್ಡು, ಸೋತವರ ಕರಪತ್ರ
ಗುಡಿಸಿ ಹೊರಗ ಹಾಕಿದೆ.
ಅರವತ್ತೇಳು.

ಮೊಳೆ ಜೋಡಸತಿದ್ದ ದಾವಲಸಾಬ, ಈಗ ಬರೇ ಚಾಕ್ಕ ಬರತಾನ,
ಪರದೆ ಮುಂದ ಬಗ್ಗಿ ನೋಡಿದ:
"ಗ್ಯಾಲಿ ಎತ್ತಿದ್ರ ಮೊಣಕೈಗೆ ತಿಳೀತಿತ್ತು ನಮಗ,
ಯಾವ ಪುಟ ಜಡ ಅಂತ.
ಇದರಾಗ ತೂಕ ಎಲ್ಲೈತಿ? ಬೆರಳಿಟ್ಟು ತೋರಸು."

ತೋರಸಾಕ ಬರಲಿಲ್ಲ.
ಆದ್ರ ಅಂವಾ ಅಂದದ್ದು ಖರೆ ಇತ್ತು: ಎತ್ತಿ ನೋಡಬೇಕು.
ಪುಸ್ತಕ ಎರಡು ಹೋಳು ಮಾಡಿದೆ.
ಮೊದಲನೇದು ಸರ್ರನ ಹೋತು.
ಎರಡನೇದರಾಗ ಮತ್ತ ಅರ್ಧ, ಆ ಅರ್ಧದಾಗ ಅರ್ಧ,
ಮರದಾಗ ಹಳ್ಳು ಹುಡುಕಿದಂಗ ಕೇರಕೋತ ಕೇರಕೋತ
ಉಳೀತು ಎಂಬತ್ತೊಂದನೇ ಪುಟ.

ಅದರಾಗ ಏನೂ ಇಲ್ಲ.
ಎರಡು ಪ್ಯಾರಾ, ಮ್ಯಾಲ ಮೂಲ್ಯಾಗ
ಹೆಬ್ಬೆಟ್ಟಿನಷ್ಟು ದುಂಡನ ಫೋಟೋ:
ಮಾಜಿ ಅಧ್ಯಕ್ಷರು, ರುಮಾಲು, ನಗು.

ದುಂಡನ ಚೌಕಟ್ಟು ಸರಿಸಿದೆ.
ಫೋಟೋ ಬಿಚ್ಚಿಕೊಂಡ್ತು. ಪುಟ ದಾಟಿ, ಪರದೆ ದಾಟಿ,
ಸೀರಿ ಮಡಿಕಿ ಜಾರಿದಂಗ.
ಬಣ್ಣದ ಮನಿ. ಹಂಡೆ. ಹಗ್ಗದ ಮ್ಯಾಲ ಹಸಿ ನೂಲು.
ನಡುವ ಕುರ್ಚಿ ಮ್ಯಾಲ ಅವರು,
ಸುತ್ತ ನಲವತ್ತೊಂದು ಹೆಂಗಸರು,
ಮೊಣಕೈ ತನಕ ನೀಲಿ.
ಒಬ್ಬಾಕಿ ಏನೋ ಅನ್ನಾಕ ಹೋಗಿ ಬಾಯಿ ತೆರದಂಗ ಉಳದಾಳ.
ಒಬ್ಬಾಕಿ ಬಿಸಲಿಗೆ ಹಣಿ ಮ್ಯಾಲ ಕೈ ಹಿಡದಾಳ, ಮುಖಾ ಕಾಣೂದಿಲ್ಲ.

ಕಾಗದಕ್ಕ ಬ್ಯಾಡಾದವರನ್ನೂ
ಪಾಪದ ಮಷಿನ್ ಒಬ್ಬೊಬ್ಬರನ್ನ ಓದತಿತ್ತು,
ಒಂದೊಂದು ಬಳಿ, ಒಂದೊಂದು ನೆರಿಗಿ,
ನೀಲಿಗೊಮ್ಮೆ, ಕೆಂಪಿಗೊಮ್ಮೆ, ಹಳದಿಗೊಮ್ಮೆ, ಕಪ್ಪಿಗೊಮ್ಮೆ.
ಇವರನ್ನ ದಾಟದ ಅಧ್ಯಕ್ಷರ ತನಕ ಹೋಗಾಕ
ಅದಕ್ಕ ಒಳದಾರಿ ಗೊತ್ತಿರಲಿಲ್ಲ.

ಕತ್ತರಿಸಿದೆ.
ಹೊರಗ ಉಳದದ್ದು ಅಳಸಲೇನು ಅಂತ ಕೇಳ್ತು. ಹೂಂ ಅಂದೆ.
ನಾಕು ಜಿಬಿ ಹೋಗಿ ಮುನ್ನೂರು ಎಂಬಿ.
ಅರವತ್ತೇಳು, ಅರವತ್ತೆಂಟು, ತೊಂಬತ್ತು,
ಹನ್ನೊಂದು ನಿಮಿಷಕ್ಕ ಪ್ಲೇಟು ಕೈಯಾಗ, ಇನ್ನೂ ಬೆಚ್ಚಗ.
ಕೊಟ್ರಗೌಡ್ರು ನಕ್ಕರು, ಭಜಿ ತರಿಸಿದ್ರು.

ದಾವಲಸಾಬ ಭಜಿ ಹಿಡಕೊಂಡ ಕೇಳಿದ:
"ನಮ್ಮ ಕಾಲಕ್ಕ ಬ್ಯಾಡಾದ ಮೊಳೆ
ತಿರುಗಿ ತಮ್ಮ ತಮ್ಮ ಖಾನೆಕ್ಕ ಹೋಗತಿದ್ವು.
ಇವರು ಎಲ್ಲಿಗೆ ಹೋದ್ರು?"

ಕತ್ತರಸೂಕಿಂತ ಮೊದಲ ಒಂದು ಕಾಪಿ ಇಟ್ಟಿದ್ದೆ,
ಅದನ್ನ ಅವಂಗ ಹೇಳಲಿಲ್ಲ. ಯಾಕೋ.
ಮರುದಿನ ಲಕ್ಕುಂಡಿಯವರ ಲಗ್ನಪತ್ರದ
ರದ್ದಿ ಹಾಳಿ ಬೆನ್ನಿಗೆ ಹಾಕಿದೆ. ಬಣ್ಣ ಕೂಡಲಿಲ್ಲ,
ಕೂದಲೆಳಿಯಷ್ಟು ಸರದು
ಎಲ್ಲಾರ ಎಡಕ್ಕ ಒಂದೊಂದು ಕೆಂಪು ನೆರಳು.
ಫ್ಯೂಜಿನ ಬಾಜೂಕ ಅಂಟಿಸಿದೆ.

ಫಾರಂ ಮಡಚೂ ಗಂಗಮಾಳವ್ವ ಅಂಟಿನ ಕೈ ಸೆರಗಿಗೆ ಒರಸಿ
ಭಾಳೊತ್ತು ನೋಡಿದ್ಲು.
"ನಲವತ್ತೆರಡು" ಅಂದ್ಲು.
ಅಲ್ಲವಾ, ನಲವತ್ತೊಂದು, ಎಣಿಸೇನಿ ನಾನು.
ಬೆರಳಿಟ್ಟು ತೋರಿಸಿದ್ಲು:
ಕಂಬದ ಹಿಂದ, ಹಂಡೆ ಕಂಠ ಹಿಡದ
ಬರೇ ಒಂದು ಕೈ.